ಗೋಪಿಯ ತೂಕ ಇಳಿದ ಮಳೆಗಾಲ

ಸಾಂತಾಕ್ರೂಜಿನ ನಮ್ಮ ಮನೆಯಲ್ಲಿ ಹೋದ ತಿಂಗಳು ಮೊಮ್ಮಗಳು ತನ್ನ ಕೂಸಿಗೆಂದು ಹಾಲಿನ ಪುಡಿಯ ಡಬ್ಬಿ ತೆರೆದಳು. ಬಿಸಿನೀರಿಗೆ ಪುಡಿ ಬಿದ್ದದ್ದೇ ತಡ, ಅದರ ವಾಸನೆ ಅಡುಗೆಮನೆಯಿಂದ ನಾನು ಕೂತಿದ್ದ ಬಾಲ್ಕನಿಯವರೆಗೂ ಬಂತು. ಸ್ವಲ್ಪ ಸಿಹಿ, ಸ್ವಲ್ಪ ಕಮಟು, ಎಲ್ಲೋ ಒಂದಿಷ್ಟು ಸುಟ್ಟ ವಾಸನೆ. ನಾನು ಒಬ್ಬಳೇ ನಗುತ್ತಿದ್ದೆನಂತೆ. "ಕ್ಯಾ ಹುವಾ ಅಜ್ಜೀ, ಯಾಕೆ ನಗ್ತೀ?" ಎಂದಳು. ಅವಳ ಕನ್ನಡವೇ ಅಷ್ಟು, ಒಂದು ಕಾಲು ಇಲ್ಲಿ, ಒಂದು ಕಾಲು ಹಿಂದಿಯಲ್ಲಿ. "ಕುರ್ಲಾ ನೆನಪಾತು" ಎಂದೆ. ಕುರ್ಲಾದಲ್ಲಿ ನಗುವಂಥದ್ದು ಏನಿದೆಯೋ ಅವಳಿಗೆ ಹೊಳೆಯಲಿಲ್ಲ. ಕೂತು ಕೇಳುವಷ್ಟು ಪುರುಸೊತ್ತೂ ಅವಳಿಗಿರಲಿಲ್ಲ, ಕೂಸು ಅಷ್ಟರಲ್ಲಿ ಮನೆ ಹಾರಿಹೋಗುವ ಹಾಗೆ ಅಳಲು ಶುರುಮಾಡಿತ್ತು. ಹೇಳಲಾಗದ್ದನ್ನು ಬರೆದಾದರೂ ಇಡೋಣ ಎಂದು ಕೂತಿದ್ದೇನೆ.

ನಾನು ಮದುವೆಯಾಗಿ ಧಾರವಾಡದಿಂದ ಕುರ್ಲಾದ ಚಾಳಿಗೆ ಬಂದ ಮರುವರ್ಷದ ಮಳೆಗಾಲ ಅದು. ಆಗ ನಮ್ಮ ಧಾರವಾಡ ಇನ್ನೂ ಮುಂಬಯಿ ರಾಜ್ಯದಲ್ಲೇ ಇತ್ತು. ಪಕ್ಕದ ಖೋಲಿಯ ಉಡುಪಿಯವರು ಮದರಾಸು ರಾಜ್ಯದವರು. ಎರಡು ರಾಜ್ಯದ ಕನ್ನಡಿಗರು ಒಂದಾಗಿದ್ದು ಚಾಳಿನ ನಳದ ಮುಂದೆ, ಅದೂ ಕೊಡಗಳಿಗಾಗಿ ಜಗಳಾಡುತ್ತ. ನನ್ನ ಯಜಮಾನರು ರೈಲ್ವೆಯಲ್ಲಿ ಗುಮಾಸ್ತರು. ಮುಂಜಾನೆ ಲೋಕಲ್ ಹಿಡಿದು ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವರು. ಇಡೀ ದಿನ ಒಂದು ಖೋಲಿಯಲ್ಲಿ ನಾನು ಮತ್ತು ನಮ್ಮ ಅತ್ತೆ. ಅತ್ತೆ ಒಳ್ಳೆಯವರೇ. ಆದರೆ ಮಾತಿಗೆ ನಿಂತರೆ ಯಾರನ್ನೂ ಉಳಿಸುತ್ತಿರಲಿಲ್ಲ, ಹೇಳಿದ ಮಾತು ಕೇಳಿದವರಿಗೆ ಮರುದಿನ ನಾಟುತ್ತಿತ್ತು. ಮ್ಯಾಟ್ರಿಕ್ ಮುಗಿಸಿದ್ದ ನನಗೆ ಅಕ್ಕಿ ಆರಿಸುವುದು ಬಿಟ್ಟರೆ ಕೆಲಸವಿಲ್ಲದೆ ತಲೆ ಚಿಟ್ಟು ಹಿಡಿದಿತ್ತು.

ಮಾರ್ಕೆಟ್ಟಿನ ಹಿಂದೆ ತಾಯಿ-ಮಕ್ಕಳಿಗೆಂದು ಒಂದು ಪುಟ್ಟ ದವಾಖಾನೆ ಇತ್ತು. ಅಲ್ಲಿಗೆ ಬರುತ್ತಿದ್ದ ಡಾಕ್ಟರ್ ಮರಾಠಿ ಹೆಂಗಸು, ಎಲ್ಲರಿಗೂ ಡಾಕ್ಟರ್‌ಬಾಯಿ. ಒಂದು ದಿನ ಅತ್ತೆಯ ಮೊಣಕಾಲಿಗೆ ಔಷಧ ಕೇಳಿಕೊಂಡು ಹೋದೆ. ಅಲ್ಲಿ ವಿಜಾಪುರದ ಕಡೆಯ ಹೆಂಗಸೊಬ್ಬಳಿಗೆ ಡಾಕ್ಟರ್‌ಬಾಯಿ ಮರಾಠಿಯಲ್ಲಿ ಏನೋ ಹೇಳುತ್ತಿದ್ದರು, ಅವಳು ಎಲ್ಲದಕ್ಕೂ ತಲೆ ಆಡಿಸುತ್ತಿದ್ದಳು. ಅವಳಿಗೆ ಒಂದಕ್ಷರ ತಿಳಿದಿಲ್ಲವೆಂದು ಧಾರವಾಡದಲ್ಲಿ ಮರಾಠಿ ಕೇಳಿ ಬೆಳೆದ ನನಗೆ ಗೊತ್ತಾಗಿ, ನಡುವೆ ಬಾಯಿ ಹಾಕಿ ಕನ್ನಡದಲ್ಲಿ ಹೇಳಿದೆ. ಡಾಕ್ಟರ್‌ಬಾಯಿ ನನ್ನ ಕೈ ಹಿಡಿದವರು, ದಿನಾ ಬಂದು ಹೀಗೇ ಕನ್ನಡದಲ್ಲಿ ತಿಳಿಸಿ ಹೇಳು ಎಂದು ಒಪ್ಪಿಸುವವರೆಗೆ ಬಿಡಲಿಲ್ಲ. ಸಂಬಳವಿಲ್ಲ, ಬಿಸಿ ಚಹಾ ಮಾತ್ರ. ನನಗೆ ಅದೇ ದೊಡ್ಡ ಉದ್ಯೋಗ. ಮರುದಿನದಿಂದ ಸೀರೆ ನಿರಿಗೆ ನೆಟ್ಟಗೆ ಮಾಡಿಕೊಂಡು, ಅತ್ತೆಯ ಹಳೆಯ ಛತ್ರಿ ಹಿಡಿದು ಹೊರಟೆ. ನಿಜ ಹೇಳುತ್ತೇನೆ, ಅಷ್ಟು ಸುಖವಾಗಿ ನಾನು ಯಾವ ಕಾಲದಲ್ಲೂ ದುಡಿದಿಲ್ಲ.

ಮಳೆ ಎಂದರೆ ಕುರ್ಲಾದಲ್ಲಿ ಮೇಲಿನಿಂದ ಬಂದದ್ದಕ್ಕಿಂತ ಕೆಳಗಿನಿಂದ ಎದ್ದದ್ದೇ ಹೆಚ್ಚು. ಚಾಳಿನ ಅಂಗಳದಲ್ಲಿ ಗಟಾರದ ನೀರೂ ಮಳೆಯ ನೀರೂ ಸೇರಿ ನಳದ ಕಟ್ಟೆಯವರೆಗೆ ಬರುತ್ತಿದ್ದವು. ಒಂದು ಖೋಲಿಯ ಮಗುವಿಗೆ ಭೇದಿ ಶುರುವಾದರೆ ಗ್ಯಾಲರಿಯ ಉದ್ದಕ್ಕೂ ಮನೆಮನೆ ತಿರುಗಿಯೇ ಹೋಗುತ್ತಿತ್ತು. ದವಾಖಾನೆಯ ಬೆಂಚಿನ ಮೇಲೆ ಕೂತು ನಾನು ಕಲಿತದ್ದು ಬಹಳ. ಊರಿನಲ್ಲಿ ಜೋಳದ ಅಂಬಲಿ, ಹೆಸರಿನ ಬೇಳೆ ಉಣಿಸುತ್ತಿದ್ದ ತಾಯಂದಿರು ಇಲ್ಲಿ ಮಕ್ಕಳಿಗೆ ಚಹಾದಲ್ಲಿ ಪಾವ್ ಅದ್ದಿ ಕೊಡುತ್ತಿದ್ದರು. ಅಂಬಲಿ ಹಳ್ಳಿಯವರದ್ದು, ಪಾವ್ ಶಹರದವರದ್ದು ಎಂದು ಅವರ ತಿಳಿವಳಿಕೆ. ಕೆಮ್ಮಿದರೆ ಬಾಳೆಹಣ್ಣು ಬಂದ್, ಭೇದಿಯಾದರೆ ನೀರೂ ಬಂದ್. ಗಂಡಸರು ಉಂಡು, ಅತ್ತೆಯಂದಿರು ಉಂಡು, ಕೊನೆಗೆ ಪಾತ್ರೆಗಂಟಿದ್ದು ತಾಯಿಗೆ. ಆ ತಾಯಿಯ ಎದೆಯ ಹಾಲು ಮಗುವಿಗೆ. ಡಾಕ್ಟರ್‌ಬಾಯಿ ಬೈಯುತ್ತಿದ್ದರು. ನಾನು ಆ ಬೈಗುಳವನ್ನು ಕನ್ನಡದಲ್ಲಿ ಸ್ವಲ್ಪ ಮೆತ್ತಗೆ ಮಾಡಿ ಹೇಳುತ್ತಿದ್ದೆ.

ಪಕ್ಕದ ಖೋಲಿಯ ಜಲಜಾ ನನ್ನದೇ ವಯಸ್ಸಿನವಳು. ಆದರೂ ನನ್ನನ್ನು "ಇಂದಿರಕ್ಕ" ಎನ್ನುತ್ತಿದ್ದಳು. ಅವಳ ಗಂಡ ವಾಸು ಭಟ್ಟರು ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಅಡುಗೆಯವರು. ಊಟ ತಿಂಡಿ ಎಲ್ಲ ಅವರಿಗೆ ಹೋಟೆಲಿನಲ್ಲೇ, ಹೆಚ್ಚಿನ ದಿನ ಮಲಗುವುದೂ ಅಲ್ಲೇ. ಮನೆಯಲ್ಲಿ ಜಲಜಾ, ಅವಳ ಅತ್ತೆ ಲಕ್ಷ್ಮಿಯಮ್ಮ, ಒಂದೂವರೆ ವರ್ಷದ ಗೋಪಿ. ಕುರ್ಲಾದ ಅರ್ಧ ಜನ ವಾಸು ಭಟ್ಟರ ಕೈಯ ಉದ್ದಿನ ವಡೆ, ಬೇಳೆ ಸಾಂಬಾರು ತಿಂದು ಕೆಲಸಕ್ಕೆ ಹೋಗುತ್ತಿದ್ದರು. ಅವರ ಮಗ ಮಾತ್ರ ಸಾಬೂದಾನಿ ಕುದಿಸಿದ ನೀರು ಮತ್ತು ಗಂಜಿಯ ತಿಳಿ ಕುಡಿಯುತ್ತಿದ್ದ. ಜಲಜಾ ಮತ್ತೆ ಬಸುರಿಯಾದಾಗ ಲಕ್ಷ್ಮಿಯಮ್ಮ ಒಂದೇ ದಿನದಲ್ಲಿ ಅವನನ್ನು ಎದೆಯಿಂದ ಬಿಡಿಸಿದ್ದರು. ಬಸುರಿಯ ಹಾಲು ವಿಷ ಎಂಬುದು ಅವರ ನಂಬಿಕೆ. ಬೇಳೆ ಕೊಟ್ಟರೆ ಹೊಟ್ಟೆ ಉಬ್ಬುತ್ತದೆ, ಕಡಲೆ ಕೊಟ್ಟರೆ ಜೀರ್ಣವಾಗುವುದಿಲ್ಲ. ಸಾಬೂದಾನಿ ತಂಪು, ದೇವರ ಉಪವಾಸಕ್ಕೂ ನಡೆಯುವಂಥದ್ದು, ಹಾಗಾಗಿ ಮಗುವಿಗೂ ಒಳ್ಳೆಯದು.

ಗೋಪಿಯನ್ನು ನೋಡಿದವರೆಲ್ಲ ಹೊಗಳುತ್ತಿದ್ದರು. ಕೆನ್ನೆ ತುಂಬಿಕೊಂಡಿದ್ದವು, ಪಾದಗಳು ಗುಂಡಗೆ ಇದ್ದವು. ಕೂದಲು ತುದಿಯಲ್ಲಿ ಕೆಂಚಗೆ ತಿರುಗಿ ನೆಟ್ಟಗಾಗಿತ್ತು. ದೊರೆಗಳ ಮಗುವಿನ ಕೂದಲ ಹಾಗೆ ಎಂದು ಲಕ್ಷ್ಮಿಯಮ್ಮನಿಗೆ ಹೆಮ್ಮೆ. ಕೂರಿಸಿದಲ್ಲಿ ಕೂರುತ್ತಿದ್ದ. ಅಳುವುದಿಲ್ಲ, ಕೇಳುವುದಿಲ್ಲ, ಯಾರ ಹಿಂದೆಯೂ ಹೋಗುವುದಿಲ್ಲ. ಇಡೀ ಚಾಳಿನ ಮಕ್ಕಳು ಗ್ಯಾಲರಿಯಲ್ಲಿ ಕಿರುಚಿ ಓಡುವಾಗ ಇವನು ಹೊಸ್ತಿಲ ಹತ್ತಿರ ಗೊಂಬೆಯ ಹಾಗೆ. "ನನ್ನ ಪುಳ್ಳಿ ದೇವರಂಥವ, ಒಂದು ಹಟ ಇಲ್ಲ" ಎನ್ನುತ್ತಿದ್ದರು ಲಕ್ಷ್ಮಿಯಮ್ಮ. ಮೊಮ್ಮಗನಿಗೆ ಅವರ ಕಡೆ ಪುಳ್ಳಿ ಎನ್ನುತ್ತಾರೆ. ನನಗೂ ಆಗ ಮಕ್ಕಳಿರಲಿಲ್ಲ, ಇಂಥ ಮಗು ಹುಟ್ಟಲಿ ಎಂದು ನಾನೂ ಮನಸ್ಸಿನಲ್ಲೇ ಬೇಡಿಕೊಂಡದ್ದುಂಟು.

ಜೂನ್ ಕಳೆಯುತ್ತ ಬಂದಾಗ ಬಸುರಿಯ ತಪಾಸಣೆಗೆಂದು ಜಲಜಾಳನ್ನು ದವಾಖಾನೆಗೆ ಕರೆದುಕೊಂಡು ಹೋದೆ. ಸೊಂಟದ ಮೇಲೆ ಗೋಪಿ. ಡಾಕ್ಟರ್‌ಬಾಯಿ ಜಲಜಾಳನ್ನು ನೋಡುವ ಮೊದಲು ಗೋಪಿಯನ್ನು ನೋಡಿದರು. ಅವನ ಪಾದ ಹಿಡಿದು ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ಒತ್ತಿದ ಕಡೆ ಕುಳಿ ಬಿತ್ತು, ನಾದಿದ ಕಣಕದಲ್ಲಿ ಬೆರಳು ಊರಿದ ಹಾಗೆ, ತುಂಬಿಕೊಳ್ಳಲೇ ಇಲ್ಲ. ಗೋಪಿ ಅಳಲಿಲ್ಲ, ಕಾಲನ್ನೂ ಎಳೆದುಕೊಳ್ಳಲಿಲ್ಲ. ಡಾಕ್ಟರ್‌ಬಾಯಿ ನನ್ನನ್ನು ಬಾಗಿಲ ಹೊರಗೆ ಕರೆದು ಮರಾಠಿಯಲ್ಲಿ ಹೇಳಿದರು: "ಇದು ಮೈ ಅಲ್ಲ ಇಂದಿರಾ, ನೀರು. ಒಳಗೆ ಮಗು ಒಣಗಿಹೋಗಿದೆ. ಹೀಗೇ ಬಿಟ್ಟರೆ, ಒಂದು ಜ್ವರ ಬಂದರೆ ಸಾಕು, ಈ ಮಳೆಗಾಲ ದಾಟೋದಿಲ್ಲ. ಮೊದಲು ತೂಕ ನೋಡಬೇಕು, ತಿನ್ನೋದಕ್ಕೆ ಸರಿಯಾಗಿ ಕೊಡಬೇಕು. ಕೈಗೂ ಬಾವು ಬಂದರೆ ದೊಡ್ಡ ಆಸ್ಪತ್ರೆಗೆ ಕಳಿಸ್ತೀನಿ."

ನಾನು ಒಳಗೆ ಬಂದು ತೂಕದ ಮಾತು ತೆಗೆದರೆ ಜಲಜಾ ಮಗುವನ್ನು ಎದೆಗೆ ಅವಚಿಕೊಂಡಳು. "ಬೇಡ ಇಂದಿರಕ್ಕ. ಅತ್ತೆ ತುಲಾಭಾರದ ಹರಕೆ ಹೊತ್ತಿದ್ದಾರೆ. ದೇವರ ತಕ್ಕಡಿಗೆ ಹಾಕುವ ಮೊದಲು ಮನುಷ್ಯರ ತಕ್ಕಡಿಗೆ ಹಾಕ್ಲಿಕ್ಕಿಲ್ಲ ಅಂತೆ."

ಸಂಗತಿ ಏನೆಂದರೆ ಚೈತ್ರದಲ್ಲಿ ಗೋಪಿಗೆ ಜ್ವರ ಬಂದಾಗ ಲಕ್ಷ್ಮಿಯಮ್ಮ ಉಡುಪಿಯ ಕೃಷ್ಣನಿಗೆ ಮಗುವಿನ ತೂಕದಷ್ಟು ಬೆಲ್ಲದ ತುಲಾಭಾರ ಮಾಡಿಸುತ್ತೇನೆಂದು ಹೇಳಿಕೊಂಡಿದ್ದರು. ಜ್ವರ ಇಳಿಯಿತು. ಆದರೆ ಅಷ್ಟರಲ್ಲಿ ಮಳೆಗಾಲ ಹತ್ತಿರವಾಯಿತು, ಹಡಗು ನಿಂತಿತು. ಆಗ ಕರಾವಳಿಯವರೆಲ್ಲ ಊರಿಗೆ ಹೋಗುತ್ತಿದ್ದದ್ದು ಹಡಗಿನಲ್ಲೇ, ಮಳೆಗಾಲ ಮುಗಿದು ಸಮುದ್ರ ತಣ್ಣಗಾಗುವವರೆಗೆ ಅದು ಹೊರಡುವುದಿಲ್ಲ. ಹರಕೆ ಹಾಗೇ ಉಳಿದಿತ್ತು. ಹರಕೆಯ ಮಗುವನ್ನು ಮೊದಲೇ ತೂಗಬಾರದೆಂಬ ನಿಯಮವನ್ನು ನಾನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಲಕ್ಷ್ಮಿಯಮ್ಮನ ಸ್ವಂತದ್ದೇ ಇರಬೇಕು. ಆದರೆ ಅವರ ಖೋಲಿಯಲ್ಲಿ ಅವರು ಹೇಳಿದ್ದೇ ಶಾಸ್ತ್ರ.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ, ಹೇಳುತ್ತ ಅತ್ತೇಬಿಟ್ಟೆ. ಅತ್ತೆ ಸಮಾಧಾನದ ಮಾತು ಆಡುವವರಲ್ಲ. ಸೆರಗು ಸಿಕ್ಕಿಸಿಕೊಂಡು ಗ್ಯಾಲರಿಗೆ ಹೋದರು. ಲಕ್ಷ್ಮಿಯಮ್ಮ ಅಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದರು.

"ಅಮ್ಮಾರ, ಉಡುಪಿಗೆ ಎಂದ ಹೊಂಟೀರಿ?" ಎಂದರು ಅತ್ತೆ.

"ಹಡಗು ಬಿಟ್ಟ ಮೇಲೆ. ಎಂತ ಮಾಡುದು, ಈ ಮಳೆ ನಿಲ್ಬೇಕಲ್ಲ."

"ಬೆಲ್ಲಾ ಇಲ್ಲಿಂದನ ಒಯ್ತೀರೇನು?"

"ಹೌದು. ಇಲ್ಲಿ ಕೊಲ್ಹಾಪುರದ್ದು ಒಳ್ಳೆದು ಸಿಗ್ತದೆ."

"ಎಷ್ಟು ಒಯ್ತೀರಿ?"

"ಮಗು ಎಷ್ಟು ತೂಗ್ತದೋ ಅಷ್ಟು."

"ಎಷ್ಟು ತೂಗ್ತದ?"

ಲಕ್ಷ್ಮಿಯಮ್ಮನ ಕೈಯಲ್ಲಿ ಬತ್ತಿ ನಿಂತಿತು.

"ಅಲ್ರೀ, ಅಷ್ಟು ದೂರ ಹೋಗಿ, ಕೃಷ್ಣಪ್ಪನ ಮುಂದ ಕೂಸಿನ್ನ ಕೂಡಿಸಿ, ಬೆಲ್ಲಾ ಕಡಿಮಿ ಬಿತ್ತಂದ್ರ ಏನ್ ಮಾಡ್ತೀರಿ? ಕೂಸಿನ ಕಾಲು ಮುರಿದು ಹಗುರ ಮಾಡ್ತೀರೋ? ಅಂದಾಜರ ಬ್ಯಾಡೇನು? ಇದು ತೂಕಲ್ಲ, ಅಂದಾಜು. ಡಾಕ್ಟರ್ ಬಾಯಿ ದವಾಖಾನ್ಯಾಗ ತೂಗೋ ಕಾಟಾ ಸುಮ್ಮನ ಬಿದ್ದದ."

ಲಕ್ಷ್ಮಿಯಮ್ಮ ಹೊಸೆದ ಬತ್ತಿಗಳನ್ನು ಒಂದೊಂದಾಗಿ ಎಣಿಸಿ ಎತ್ತಿಟ್ಟರು. "ಅಂದಾಜು ಆದ್ರೆ ಅಡ್ಡಿ ಇಲ್ಲ" ಎಂದರು ಕೊನೆಗೆ. ಅತ್ತೆ ಒಳಗೆ ಬಂದು ನನ್ನ ಕಡೆ ನೋಡಿ ಹುಬ್ಬು ಹಾರಿಸಿದ್ದು ಈಗಲೂ ಕಣ್ಣಿಗೆ ಕಟ್ಟಿದೆ.

ಹೀಗೆ ಗೋಪಿಯ ಅಂದಾಜು ನಡೆಯಿತು. ಲಕ್ಷ್ಮಿಯಮ್ಮನೂ ಬಂದು, ಕಾಟಾದ ಮೇಲೆ ಒಂದು ತುಳಸಿ ದಳ ಇಟ್ಟು, ಆಮೇಲೆ ಮಗುವನ್ನು ಕೂರಿಸಿದರು. ಡಾಕ್ಟರ್‌ಬಾಯಿಗೆ ನಗು ತಡೆಯುವುದು ಕಷ್ಟವಾಯಿತು. ಆದರೆ ತೂಕ ಆದ ಮೇಲೆ ಅವರು ಮೊಟ್ಟೆ ಕೊಡಿ, ಮೀನೆಣ್ಣೆ ಕೊಡಿ ಎಂದದ್ದನ್ನು ನಾನು ಕನ್ನಡಕ್ಕೆ ತಂದದ್ದೇ ತಡ, ಲಕ್ಷ್ಮಿಯಮ್ಮ ಎರಡೂ ಕಿವಿ ಮುಚ್ಚಿಕೊಂಡು "ಕೃಷ್ಣಾ" ಎಂದು ಬಾಗಿಲಿಗೆ ನಡೆದರು. ಡಾಕ್ಟರ್‌ಬಾಯಿ ಅವರನ್ನು ತಡೆದು ಕೂರಿಸಿ ಬೇರೆ ದಾರಿ ಹುಡುಕಿದರು. ಶೇಂಗಾ ನಡೆಯುತ್ತದೆಯೇ? ನಡೆಯುತ್ತದೆ. ಹುರಿಗಡಲೆ? ಗೋಧಿ? ಬೆಲ್ಲ? ಎಲ್ಲ ನಡೆಯುತ್ತದೆ, ಆದರೆ ಜೀರ್ಣವಾಗುವುದಿಲ್ಲ. "ಹುರಿದು, ನುಣ್ಣಗೆ ಬೀಸಿ, ಕುದಿಸಿ, ಚೂರು ಚೂರೇ ಕೊಡಿ, ಆಗುತ್ತೆ. ಅದಕ್ಕೆ ಈ ಹಾಲಿನ ಪುಡಿ ಸೇರಿಸಿ" ಎಂದರು. ಪರದೇಶದಿಂದ ದವಾಖಾನೆಗೆ ಧರ್ಮಾರ್ಥ ಬರುತ್ತಿದ್ದ ಪುಡಿ ಅದು. ಜಲಜಾಳ ಕಡೆ ತಿರುಗಿ, "ಒಂದು ತುತ್ತು ಅವನಿಗೆ, ಒಂದು ತುತ್ತು ನಿನಗೆ. ಹೊಟ್ಟೆಯಲ್ಲಿರೋ ಮಗುವಿಗೂ ಹಸಿವಿದೆ" ಎಂದರು.

ನಮ್ಮ ಅತ್ತೆ ಧಾರವಾಡದಿಂದ ಬೀಸುಕಲ್ಲು ಹೊತ್ತು ತಂದಿದ್ದರು. ಚಾಳಿನಲ್ಲಿ ಅದೊಂದೇ. ಅದರ ಸದ್ದಿಗೆ ಕೆಳಗಿನ ಖೋಲಿಯವರು ದಿನಾ ಜಗಳಕ್ಕೆ ಬರುತ್ತಿದ್ದರು, ಆ ತಿಂಗಳು ಬಂದವರಿಗೆಲ್ಲ ಒಂದೊಂದು ಮುಷ್ಟಿ ಹಿಟ್ಟು ಸಿಕ್ಕಿ ಬಾಯಿ ಮುಚ್ಚಿತು. ಹಿಟ್ಟು ತಯಾರಾಯಿತು, ತಿನ್ನುವವನು ಬೇಕಲ್ಲ? ಗೋಪಿಗೆ ಹಸಿವೇ ಸತ್ತುಹೋಗಿತ್ತು. ಬಾಯಿಗಿಟ್ಟದ್ದು ಅಲ್ಲೇ ಇರುತ್ತಿತ್ತು, ನುಂಗಲೂ ಮನಸ್ಸಿಲ್ಲ, ಉಗುಳಲೂ ಇಲ್ಲ. ಜಲಜಾ ಬೆರಳ ತುದಿಯಲ್ಲಿ ಇಷ್ಟಿಷ್ಟೇ ತೆಗೆದು ನಾಲಿಗೆಗೆ ಹಚ್ಚುತ್ತಿದ್ದಳು. ನಾನು ಎದುರು ಕೂತು ಕಾಗೆ, ಬೆಕ್ಕು, ಲೋಕಲ್ ಗಾಡಿ ಎಲ್ಲದರ ದನಿ ಮಾಡುತ್ತಿದ್ದೆ. ಅವನು ನನ್ನನ್ನು ನೋಡುತ್ತಿದ್ದ, ಅಷ್ಟೇ, ನಗುತ್ತಿರಲಿಲ್ಲ. ಒಂದು ಬಟ್ಟಲು ಖಾಲಿಯಾಗುವ ಹೊತ್ತಿಗೆ ಅರ್ಧ ಮಧ್ಯಾಹ್ನ ಹೋಗಿರುತ್ತಿತ್ತು. ಆದರೆ ದಿನಕ್ಕಿಷ್ಟು ಒಳಗೆ ಹೋಗುತ್ತಿತ್ತು, ಭೇದಿಯೂ ಆಗಲಿಲ್ಲ. ಡಾಕ್ಟರ್‌ಬಾಯಿ ಹೇಳಿದಂತೆ ನಾವು ನಳದ ನೀರನ್ನು ಕುದಿಸಿಯೇ ಬಳಸುತ್ತಿದ್ದೆವು. ಲಕ್ಷ್ಮಿಯಮ್ಮ ದೂರ ಕೂತು ಮಗುವಿನ ಹೊಟ್ಟೆಯನ್ನೇ ದಿಟ್ಟಿಸುತ್ತಿದ್ದರು.

ಆಷಾಢದ ನಡುವೆ ಮತ್ತೆ ತೂಗಿದೆವು. ನಾನು ಖುಷಿಯಲ್ಲಿ ಕುಣಿಯುತ್ತಲೇ ಹೋಗಿದ್ದೆ. ಕಾಟಾದ ಮುಳ್ಳನ್ನು ಎರಡೆರಡು ಸಲ ನೋಡಿದೆ. ತೂಕ ಇಳಿದಿತ್ತು. ಅದೂ ಚೂರುಪಾರಲ್ಲ, ಲಕ್ಷ್ಮಿಯಮ್ಮನ ಕಣ್ಣಿಗೂ ಕಾಣುವಷ್ಟು. ಡಾಕ್ಟರ್‌ಬಾಯಿ ಆ ಹೊತ್ತಿಗೆ ಒಳಗೆ ಯಾರದೋ ಹೆರಿಗೆಯಲ್ಲಿದ್ದರು. ಲಕ್ಷ್ಮಿಯಮ್ಮ ಮಗುವನ್ನು ಎತ್ತಿಕೊಂಡವರೇ ಮಳೆಯಲ್ಲೇ ಹೊರಟರು, ಹಿಂದೆ ಜಲಜಾ. ಮನೆಗೆ ಹೋಗಿ ಹಿಟ್ಟಿನ ಡಬ್ಬಿಯನ್ನು ನಮ್ಮ ಹೊಸ್ತಿಲ ಮೇಲೆ ಕುಕ್ಕಿದರಂತೆ. "ಮೈ ತುಂಬಿದ ಮಗುವನ್ನು ಕಡ್ಡಿ ಮಾಡಿದ್ರಿ. ದೇವರಿಗೆ ಮೊದಲು ತೂಗಿದ್ದಕ್ಕೆ ಇದು. ಇನ್ನು ನನ್ನ ಪುಳ್ಳಿಗೆ ಸಾಬೂದಾನಿಯೇ ಸಾಕು" ಎಂದು ಅತ್ತೆಗೆ ಹೇಳಿದರಂತೆ.

ನಾನು ದವಾಖಾನೆಯಲ್ಲೇ ಉಳಿದೆ. ಡಾಕ್ಟರ್‌ಬಾಯಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಅಳುಮೋರೆ ಮಾಡಿ ಸುದ್ದಿ ಹೇಳಿದೆ. ಅವರು ನಕ್ಕುಬಿಟ್ಟರು. "ಇಳೀಲೇಬೇಕು! ನೀರು ಹೊರಗೆ ಹೋಗ್ತಿದೆ ಇಂದಿರಾ. ಮೊದಲು ನೀರು ಹೋಗುತ್ತೆ, ಆಮೇಲೆ ಮೈ ಬರುತ್ತೆ. ಈಗ ನಿಲ್ಲಿಸಿದರೆ ಮಗು ಹೋಗುತ್ತೆ. ಓಡು" ಎಂದರು. ಓಡಿದೆ. ಛತ್ರಿ ದವಾಖಾನೆಯಲ್ಲೇ ಉಳಿಯಿತು. ತೊಪ್ಪೆಯಾಗಿ ಗ್ಯಾಲರಿ ಹತ್ತಿದರೆ ಜಲಜಾಳ ಖೋಲಿಯಲ್ಲಿ ಇದ್ದಿಲಿನ ಸಿಗಡಿ ಒಲೆಯ ಮೇಲೆ ಸಾಬೂದಾನಿ ಕುದಿಯುತ್ತಿತ್ತು, ವಾಸು ಭಟ್ಟರು ಮಧ್ಯಾಹ್ನದ ಬಿಡುವಿಗೆ ಬಂದು ಗೋಡೆಗೆ ಒರಗಿ ಕೂತಿದ್ದರು. ನಾನು ಏದುಸಿರು ಬಿಡುತ್ತ ನೀರು, ಮೈ ಎಂದು ಹೇಳಿದ್ದು ಲಕ್ಷ್ಮಿಯಮ್ಮನಿಗೆ ಒಂದೂ ಹಿಡಿಸಲಿಲ್ಲ. "ನೀರಂತೆ! ಮಗು ಎಂತ ಕೊಡಪಾನವಾ?"

ವಾಸು ಭಟ್ಟರು ಮಾತು ಕಡಿಮೆಯ ಮನುಷ್ಯ. ಮಗನ ಪಾದ ತೊಡೆಯ ಮೇಲೆ ಇಟ್ಟುಕೊಂಡು ಒತ್ತಿ ನೋಡಿದರು. ಕುಳಿ ಬೀಳಲಿಲ್ಲ. ಸಣ್ಣಗೆ, ಸುಕ್ಕಾಗಿ, ನಿಜವಾದ ಒಂದು ಪಾದ. ಇನ್ನೊಂದನ್ನೂ ಒತ್ತಿದರು.

"ಅಮ್ಮ," ಎಂದರು, "ಉದ್ದು ನೆನೆ ಹಾಕಿದ್ರೆ ತೂಕ ಎಷ್ಟು ಏರ್ತದೆ? ಅಷ್ಟೂ ಉದ್ದೇ ಅಂತ ರುಬ್ಲಿಕ್ಕೆ ಕೂತ್ರೆ ಒಂದು ವಡೆ ನಿಲ್ಲುದಿಲ್ಲ. ನಾವು ನೋಡಿದ್ದು ನೆನೆದ ತೂಕ ಅಂತ ಕಾಣ್ತದೆ."

"ನಿನಗೆ ಎಲ್ಲಾ ಹೋಟೆಲೇ" ಎಂದು ಲಕ್ಷ್ಮಿಯಮ್ಮ ಗದರಿದರು. ಆದರೆ ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ. ಬಟ್ಟಲಿಗೆ ಸಾಬೂದಾನಿ ಬಗ್ಗಿಸಿ ಸೊಸೆಯ ಮುಂದೆ ಇಟ್ಟರು. ಜಲಜಾ ಅದನ್ನು ಮುಟ್ಟಲಿಲ್ಲ. ಆ ಮನೆಗೆ ಬಂದಾಗಿನಿಂದ ಅತ್ತೆಯ ಎದುರು ತಲೆ ಎತ್ತಿ ಮಾತಾಡದವಳು. ಎದ್ದು, ನಮ್ಮ ಹೊಸ್ತಿಲ ಮೇಲಿದ್ದ ಡಬ್ಬಿ ತಂದು, ಮುಚ್ಚಳ ತೆಗೆದು ಕೂತಳು.

"ಅತ್ತೆ, ನಾನು ಇದೇ ಕೊಡ್ತೇನೆ. ನಿಮಗೆ ಬೇಜಾರಾದ್ರೆ ಆಗ್ಲಿ. ನಾನು ಇವನ ಅಮ್ಮ ಅಲ್ವ?"

ಹಿಟ್ಟು ಅರ್ಧ ಸೀರೆಯ ಮೇಲೆ ಚೆಲ್ಲಿತು. ಲಕ್ಷ್ಮಿಯಮ್ಮ ಮುಖ ಗೋಡೆ ಕಡೆ ತಿರುಗಿಸಿ ಜಪಮಾಲೆ ಹಿಡಿದರು, ಎರಡು ದಿನ ಅದನ್ನು ಕೆಳಗಿಡಲಿಲ್ಲ.

ಕಷ್ಟದ ದಿನಗಳು ಬಂದದ್ದು ಆಮೇಲೆಯೇ. ಬಾವು ಪೂರ್ತಿ ಇಳಿದು ಗೋಪಿಯ ಕೈಕಾಲು ಊದುಬತ್ತಿಯ ಹಾಗಾದವು, ಪಕ್ಕೆಲುಬು ಎದ್ದು ಕಂಡವು. ಗುಣವಾಗುತ್ತಿದ್ದ ಮಗು ನೋಡುವವರಿಗೆ ಸಾಯುತ್ತಿರುವ ಮಗುವಿನ ಹಾಗೆ ಕಾಣುತ್ತಿತ್ತು. ನಳದ ಹತ್ತಿರ ಹೆಂಗಸರು ಜಲಜಾಳನ್ನು ನೋಡಿ ಲೊಚಗುಟ್ಟುತ್ತಿದ್ದರು. ಎಷ್ಟು ಚಂದದ ಮಗು ಹೇಗಾಯಿತು, ಯಾರ ಕಣ್ಣು ಬಿತ್ತೋ. ಅವಳು ಕೊಡ ತುಂಬಿಸಿ ತಲೆ ತಗ್ಗಿಸಿ ಬರುತ್ತಿದ್ದಳು. "ಇಂದಿರಕ್ಕ, ನಿಜ ಹೇಳಿ, ಇವ ಉಳಿತಾನಲ್ಲ?" ಎಂದು ಒಮ್ಮೆ ಕೇಳಿದಳು. "ಉಳೀತಾನ" ಎಂದೆ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಅಷ್ಟು ಗಟ್ಟಿಯಾಗಿ ಹೇಳಿದ ಮಾತು ಜೀವನದಲ್ಲಿ ಇನ್ನೊಂದಿಲ್ಲ.

ಶ್ರಾವಣ ಬಂತು. ನಾಗರ ಪಂಚಮಿಗೆ ನಮ್ಮ ಕಡೆಯವರು ಉಂಡಿ ಕಟ್ಟದೆ ಬಿಡುವುದಿಲ್ಲ. ದವಾಖಾನೆಯಿಂದ ಮಕ್ಕಳಿಗೆಂದು ಒಯ್ದ ಹಾಲಿನ ಪುಡಿಯನ್ನು ಚಾಳಿನ ವಿಜಾಪುರದ ಹೆಂಗಸರು ಸಕ್ಕರೆ ಪಾಕಕ್ಕೆ ಹಾಕಿ ಉಂಡಿ ಕಟ್ಟಿದರು! ಮೊದಲು ನಾಗಪ್ಪನಿಗೆ ನೈವೇದ್ಯ, ಆಮೇಲೆ ಡಾಕ್ಟರ್‌ಬಾಯಿಗೂ ಒಂದು ತಟ್ಟೆ. ಡಾಕ್ಟರ್‌ಬಾಯಿ ಒಂದು ತಿಂದು, ಬಹಳ ರುಚಿಯಾಗಿದೆ, ಯಾವುದರದ್ದು ಎಂದು ಕೇಳಿದರು. ನಾನು ಆ ಪ್ರಶ್ನೆಯನ್ನು ಕನ್ನಡಕ್ಕೆ ತರಲಿಲ್ಲ, ಉತ್ತರವನ್ನು ಮರಾಠಿಗೂ ತರಲಿಲ್ಲ. ಮರುದಿನ ತಾವಾಗಿಯೇ ತಿಳಿದು, ಬೈಯಲು ಬಾಯಿ ತೆರೆದವರು, ಆ ಉಂಡಿಯನ್ನು ಮಕ್ಕಳು ಸೂರೆ ಮಾಡಿದ್ದು ಕೇಳಿ ಸುಮ್ಮನಾದರು. ಮುಂದಿನ ವಾರದಿಂದ ಶೇಂಗಾ ಸೇರಿಸಿ ಉಂಡಿ ಕಟ್ಟಿಯೇ ಹಂಚಿರಿ ಎಂದು ಹುಕುಂ ಆಯಿತು. ಆ ಉಂಡಿಯನ್ನು ಗೋಪಿಯ ಕೈಗೂ ಒಂದು ಕೊಟ್ಟೆ. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ತಾನಾಗಿ ಬಾಯಿಗಿಟ್ಟುಕೊಂಡ. ಇನ್ನೊಮ್ಮೆ ಕಚ್ಚಿದ.

ಅಲ್ಲಿಂದ ಮುಂದೆ ಕಾಟಾದ ಮುಳ್ಳು ನಮ್ಮ ಕಡೆಯಾಯಿತು. ಗೋಪಿಯ ಕಣ್ಣಿಗೆ ಹೊಳಪು ಬಂತು, ನನ್ನ ಲೋಕಲ್ ಗಾಡಿಯ ದನಿಗೆ ಮೊದಲು ಒಂದು ಮೂಲೆಯಲ್ಲಿ, ಆಮೇಲೆ ಬಾಯಿ ತುಂಬ ನಕ್ಕ. ಲಕ್ಷ್ಮಿಯಮ್ಮ ಬಾಯಲ್ಲಿ ಒಪ್ಪಲಿಲ್ಲ. ಆದರೆ ಒಂದು ಮಧ್ಯಾಹ್ನ ನಾನು ಹೋದಾಗ ಅವರೇ ಹಿಟ್ಟು ಕಲಸುತ್ತಿದ್ದರು. ನನ್ನನ್ನು ಕಂಡು, "ನಿಮ್ಮದು ಗಂಟಾಗ್ತದೆ, ಕಲಸ್ಲಿಕ್ಕೆ ಬರುದಿಲ್ಲ ನಿಮಗೆ" ಎಂದರು. ಜಲಜಾ ಅತ್ತೆಯ ಪಕ್ಕದಲ್ಲೇ ಕೂತು ತನ್ನ ಬಟ್ಟಲಿನಿಂದ ತಿನ್ನುತ್ತಿದ್ದಳು. ಹೊತ್ತಿಗೆ ಸರಿಯಾಗಿ, ಎಲ್ಲರಿಗಿಂತ ಮೊದಲು.

ಕೃಷ್ಣಾಷ್ಟಮಿ ಹತ್ತಿರ ಬಂದಾಗ ಹರಕೆಯ ಮಾತು ಎದ್ದಿತು. ಹಡಗು ಇನ್ನೂ ಹೊರಟಿರಲಿಲ್ಲ. ಹೊರಟರೂ ತುಂಬು ಬಸುರಿಯನ್ನು ಬಿಟ್ಟು ಹೋಗುವುದು ಹೇಗೆ? ಹರಕೆ ಮುಂದೆ ಹಾಕಿದಷ್ಟೂ ಲಕ್ಷ್ಮಿಯಮ್ಮನಿಗೆ ಜೀವ ಹಿಡಿಯಷ್ಟಾಗುತ್ತಿತ್ತು. ಕೊನೆಗೆ ವಾಸು ಭಟ್ಟರು, ಇಲ್ಲೇ ಕೃಷ್ಣನ ಪಟದ ಮುಂದೆ ತೂಗಿಬಿಡೋಣ, ಉಡುಪಿಗೆ ಆಮೇಲೆ ಕಾಣಿಕೆ ಕಳಿಸೋಣ ಎಂದರು. "ಬೆಲ್ಲ ಎಂತ ಮಾಡುದು? ದೇವರದ್ದು, ಮನೆಗೆ ತಗೊಳ್ಳಿಕ್ಕಿಲ್ಲ" ಎಂದು ಲಕ್ಷ್ಮಿಯಮ್ಮ. ನಮ್ಮ ಅತ್ತೆ ಗ್ಯಾಲರಿಯ ಕಡೆ ಕೈ ತೋರಿಸಿದರು. ಅಲ್ಲಿ ಮಕ್ಕಳ ದಂಡು ಮಳೆನೀರಿಗೆ ಕಾಗದದ ದೋಣಿ ಬಿಡುತ್ತ ಒಬ್ಬರ ಮೇಲೊಬ್ಬರು ಬಿದ್ದಿತ್ತು. "ಅವರಿಗೆ ಹಂಚ್ರಿ. ಬೆಣ್ಣಿ ಕದ್ದಾಂವ ಬೆಲ್ಲಾ ಬ್ಯಾಡ ಅಂದಾನೇನು?" ಲಕ್ಷ್ಮಿಯಮ್ಮ ಒಪ್ಪಿದರು, ಒಂದೇ ಒಂದು ಕರಾರಿನ ಮೇಲೆ: ಮಂಗಳಾರತಿ ಆಗುವವರೆಗೆ ತಕ್ಕಡಿಯ ಬೆಲ್ಲವನ್ನು ಒಬ್ಬರೂ ಬಾಯಿಗೆ ಹಾಕಬಾರದು.

ಅಷ್ಟಮಿಯ ದಿನ ಕೆಳಗಿನ ಕಿರಾಣಿ ಅಂಗಡಿಯವನು ತನ್ನ ದೊಡ್ಡ ತಕ್ಕಡಿಯನ್ನು ತೊಳೆದು ಕೊಟ್ಟ. ಗ್ಯಾಲರಿಯ ತೊಲೆಗೆ ಅದನ್ನು ತೂಗುಹಾಕಿ, ಹೂ ಸುತ್ತಿದೆವು. ಬಾಂದ್ರಾದಿಂದ ವಾಸು ಭಟ್ಟರ ಪರಿಚಯದ ಪುರೋಹಿತರು ಬಂದಿದ್ದರು, ಡಾಕ್ಟರ್‌ಬಾಯಿ ಕೂಡ ಒದ್ದೆ ಚಪ್ಪಲಿ ಕೈಯಲ್ಲಿ ಹಿಡಿದು ಬಂದು ಒಂದು ಮೂಲೆಯಲ್ಲಿ ನಿಂತಿದ್ದರು. ಚಾಳು ಪೂರ್ತಿ ಅಲ್ಲೇ ಇತ್ತು. ಒಂದು ತಟ್ಟೆಯಲ್ಲಿ ಮಡಿಬಟ್ಟೆ ಹಾಸಿ ಗೋಪಿಯನ್ನು ಕೂರಿಸಿದರು, ಇನ್ನೊಂದರಲ್ಲಿ ವಾಸು ಭಟ್ಟರು ಬೆಲ್ಲದ ತುಂಡುಗಳನ್ನು ಇಡುತ್ತ ಹೋದರು. ಮಂತ್ರ ನಡೆಯುತ್ತಿತ್ತು. ಬೆಲ್ಲದ ತಟ್ಟೆ ನಿಧಾನಕ್ಕೆ ಇಳಿಯಿತು, ಗೋಪಿಯ ತಟ್ಟೆ ಎದ್ದಿತು, ಎರಡೂ ಸಮವಾಗಿ ನಿಂತವು. ಮುಳ್ಳು ನೆಟ್ಟಗಾದದ್ದನ್ನು ನೋಡಿ ಎಲ್ಲರೂ ಕೈ ಮುಗಿದರು.

ಆಗ ಗೋಪಿ ಬೆಲ್ಲವನ್ನು ನೋಡಿದ. ಕಣ್ಣಿಗೆ ನೇರವಾಗಿ ಅಷ್ಟೊಂದು ಬೆಲ್ಲ. ಒಂದು ಕೈ ಚಾಚಿದ, ಎಟುಕಲಿಲ್ಲ. ಇನ್ನೊಂದು ಕೈ ಚಾಚಿದ. ಆಮೇಲೆ ಬಾಯಿ ತೆರೆದು ಕಿರುಚಿದ ನೋಡಿ! ಅವನ ಹೊಟ್ಟೆಯಲ್ಲಿ ಅಂಥ ದನಿ ಇದೆಯೆಂದು ಚಾಳಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಾಲು ಬಡಿದ, ಕೆಂಪಾದ, ಹಾಸಿದ ಬಟ್ಟೆಯನ್ನು ಕಿತ್ತೆಸೆದ. ತಕ್ಕಡಿ ಉಯ್ಯಾಲೆಯಾಡಿತು. ಪುರೋಹಿತರ ಮಂತ್ರ ನಿಂತಿತು. ಜಲಜಾ ಎತ್ತಿಕೊಳ್ಳಲು ಮುಂದೆ ಬಂದವಳು ಅತ್ತೆಯ ಮುಖ ನೋಡಿ ಅಲ್ಲೇ ನಿಂತಳು, ಅವಳ ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು. ನಾನೂ ಅಳುತ್ತಿದ್ದೆ, ಯಾಕೆ ಮುಚ್ಚಿಡಲಿ.

ಲಕ್ಷ್ಮಿಯಮ್ಮ ಮುಂದೆ ಬಂದರು. ಆರತಿ ಇನ್ನೂ ಆಗಿರಲಿಲ್ಲ. ದೇವರ ತಟ್ಟೆಗೆ ಕೈ ಹಾಕಿ, ಇದ್ದದ್ದರಲ್ಲಿ ದೊಡ್ಡ ತುಂಡು ಆರಿಸಿ, ಗೋಪಿಯ ಎರಡೂ ಕೈಗೆ ಕೊಟ್ಟರು. ಅವನು ಅದನ್ನು ಅವಚಿಕೊಂಡು ಕಚ್ಚಿದ. ಅವನ ತಟ್ಟೆ ದಡಕ್ಕೆಂದು ಕೆಳಗಿಳಿಯಿತು.

"ಅಮ್ಮ, ತೂಕ ತಪ್ಪಿತಲ್ಲ" ಎಂದರು ವಾಸು ಭಟ್ಟರು ಗಾಬರಿಯಿಂದ.

"ತಪ್ಪಿದ್ದು ಎಂತದು?" ಎಂದರು ಲಕ್ಷ್ಮಿಯಮ್ಮ. "ಹಾಕು ಬೆಲ್ಲ, ಇನ್ನೂ ಹಾಕು. ನನ್ನ ಪುಳ್ಳಿ ಭಾರ ಉಂಟು."